ಕಾರು ಇಳಿಸಿದ ಮೇಲೆ ಸ್ಟೀರಿಂಗ್ ತಾನಾಗೇ ಎಳೀತಿದ್ಯಾ? ಕಿಟ್ ತರ್ಸೋಕೆ ಮೊದ್ಲು ಅಳೀರಿ

ಪ್ರಶ್ನೆ: ಸರ್, ನಂದು 1972ರ ಟ್ರಯಂಫ್ ಸ್ಪಿಟ್‌ಫೈರ್ ಮಾರ್ಕ್ 4. ಮುಂದಿನ ಸ್ಪ್ರಿಂಗ್ ಗಿಡ್ಡದು ಹಾಕ್ಸಿ ಒಂದೂವರೆ ಇಂಚು ಇಳಿಸಿದೀನಿ, ನೋಡೋಕೆ ಏನೋ ಸೂಪರ್ ಆಗಿದೆ. ಆದ್ರೆ ದಾವಣಗೆರೆಯಿಂದ ಚಿತ್ರದುರ್ಗದ ಕಡೆ ಹೈವೇಲಿ 80ರಲ್ಲಿ ಹೋಗ್ತಿದ್ರೆ, ಒಂದು ಕಡೆ ಚಕ್ರ ತಗ್ಗಿಗೆ ಇಳಿದ್ರೆ ಸಾಕು, ನಾನು ಸ್ಟೀರಿಂಗ್ ಅಲ್ಲಾಡಿಸದೇ ಇದ್ರೂ ಕಾರು ಪಕ್ಕಕ್ಕೆ ಜಿಗೀತದೆ. ಅಲೈನ್‌ಮೆಂಟ್ ಮಾಡ್ಸಿದೆ, ಕಂಪ್ಯೂಟರಲ್ಲಿ ಎಲ್ಲಾ ಹಸಿರು. ಒಬ್ರು ಬಂಪ್ ಸ್ಟೀರ್ ಕಿಟ್ ತರ್ಸಿ ಅಂತಾರೆ, ಗ್ಯಾರೇಜ್‌ನೋರು ಸ್ಟೀರಿಂಗ್ ಆರ್ಮ್ ಗ್ಯಾಸಲ್ಲಿ ಕಾಯ್ಸಿ ಬಗ್ಗಿಸಿ ಕೊಡ್ತೀವಿ ಅಂತಾರೆ. ಯಾವ್ದು ಮಾಡ್ಲಿ?
– ಓದುಗರು, ದಾವಣಗೆರೆ

ಉತ್ತರ: ಎರಡನೇದು ಮಾತ್ರ ಯಾವ ಕಾರಣಕ್ಕೂ ಬೇಡ, ಅದನ್ನ ಮೊದ್ಲೇ ಹೇಳಿಬಿಡ್ತೀನಿ. ಸ್ಟೀರಿಂಗ್ ಆರ್ಮ್ ಅನ್ನೋದು ಚಕ್ರವನ್ನ ತಿರುಗಿಸೋ ತೋಳು, ಫೋರ್ಜ್ ಮಾಡಿ (ಕಾಯ್ಸಿ ಬಡಿದು) ಹೀಟ್ ಟ್ರೀಟ್‌ಮೆಂಟ್ ಕೊಟ್ಟ ಉಕ್ಕು, ಅದನ್ನ ಗ್ಯಾಸಲ್ಲಿ ಕೆಂಪಗೆ ಕಾಯ್ಸಿದ್ರೆ ಹದ ಹೋಯ್ತು, ಆಮೇಲೆ ಅದು ಯಾವ ಗುಂಡಿಯಲ್ಲಿ ಸೀಳುತ್ತೆ ಅಂತ ಯಾರೂ ಹೇಳೋಕಾಗಲ್ಲ. ಬಗ್ಗಿಸಿ ಕೊಡೋರು ಎಷ್ಟು ಬಗ್ಗಿಸ್ತಾರೆ, ಯಾವ ಕಡೆ ಬಗ್ಗಿಸ್ತಾರೆ ಅಂತ ಕೇಳಿ ನೋಡ್ರಿ, ಉತ್ತರ ಬರಲ್ಲ. ಕಿಟ್ ತರ್ಸಿ ಅನ್ನೋರದ್ದೂ ಅದೇ ಕಥೆ. ನಿಮ್ ಕಾರಿಗೆ ಸ್ಪೇಸರ್ (ಜಾಯಿಂಟ್ ನಡುವೆ ಕೂರ್ಸೋ ಬಳೆ) ಮೇಲೆ ಬೇಕಾ ಕೆಳಗೆ ಬೇಕಾ, 3 ಎಂಎಂ ಬೇಕಾ 10 ಬೇಕಾ ಅನ್ನೋದು ಡಬ್ಬಿ ಒಳಗೆ ಬರೆದಿರಲ್ಲ, ಅದನ್ನ ನಿಮ್ ಕಾರೇ ಹೇಳ್ಬೇಕು.

ಅಲೈನ್‌ಮೆಂಟ್ ಮಶಿನ್ ಹಸಿರು ತೋರಿಸಿದ್ದು ಸುಳ್ಳೇನಲ್ಲ. ಅದು ಕಾರು ಸುಮ್ನೆ ನಿಂತಾಗ ಟೋ ಎಷ್ಟಿದೆ, ಅಂದ್ರೆ ಮೇಲಿಂದ ನೋಡಿದ್ರೆ ಚಕ್ರದ ಮುಂಭಾಗ ಒಳಗೆ (ಟೋ ಇನ್) ಇಲ್ಲಾ ಹೊರಗೆ (ಟೋ ಔಟ್) ಎಷ್ಟು ತಿರುಗಿದೆ ಅಂತ ಅಳೆಯುತ್ತೆ ಅಷ್ಟೇ. ಬಂಪ್ ಸ್ಟೀರ್ ಅಂದ್ರೆ ಚಕ್ರ ಮೇಲೆ ಕೆಳಗೆ ಆಡುವಾಗ ಟೋ ತಾನಾಗೇ ಬದಲಾಗೋದು, ನಿಂತ ಕಾರಲ್ಲಿ ಅದು ಕಾಣೋ ಮಾತೇ ಇಲ್ಲ.

ಇಳಿಸಿದ ತಕ್ಷಣ ಯಾಕೆ ಶುರುವಾಯ್ತು ಅಂದ್ರೆ, ನಿಮ್ ಚಕ್ರವನ್ನ ಹಿಡ್ಕೊಂಡಿರೋದು ಮೂರು ತೋಳು: ಮೇಲಿನ ವಿಶ್‌ಬೋನ್, ಕೆಳಗಿನ ವಿಶ್‌ಬೋನ್, ಮತ್ತೆ ರ್ಯಾಕ್‌ನಿಂದ (ಸ್ಟೀರಿಂಗ್ ತಿರುಗಿಸಿದ್ರೆ ಎಡಬಲ ಸರಿಯೋ ಹಲ್ಲಿನ ಪಟ್ಟಿ) ಬರೋ ಟೈ ರಾಡ್. ಮೂರೂ ಒಂದೊಂದು ವೃತ್ತದ ತುಂಡಲ್ಲಿ ಆಡ್ತವೆ, ಮೂರರ ಉದ್ದ ಬೇರೆ, ಮೇಲಿನದ್ದು ಕೆಳಗಿನದ್ದಕ್ಕಿಂತ ಗಿಡ್ಡ. ಈ ಮೂರೂ ಗೆರೆಗಳನ್ನ ಕಾರಿನ ಒಳಗಡೆಗೆ ಎಳ್ಕೊಂಡು ಹೋದ್ರೆ ಒಂದೇ ಬಿಂದುವಲ್ಲಿ ಸೇರ್ಬೇಕು, ಆಗ ಚಕ್ರ ಮೇಲೆ ಬಂದ್ರೂ ಟೋ ಬದಲಾಗಲ್ಲ. ಕಂಪನಿಯವರು ಇದನ್ನ ಅವರ ರೈಡ್ ಹೈಟಿಗೆ ಹೊಂದಿಸಿಟ್ಟಿರ್ತಾರೆ, ಅದೂ ಪೂರ್ತಿ ಪರ್ಫೆಕ್ಟ್ ಏನಲ್ಲ, ಅದರ ಅಕ್ಕಪಕ್ಕದ ಆಟದಲ್ಲಿ ತಪ್ಪು ಗೊತ್ತಾಗದಷ್ಟು. ನೀವು 38 ಎಂಎಂ ಇಳಿಸಿದ್ರಿ ಅಂದ್ರೆ ಆ ಒಳ್ಳೇ ಜಾಗದಿಂದ ಕಾರನ್ನ ಆಚೆ ತಂದು ನಿಲ್ಸಿದ್ರಿ.

ಒಂದು ಲೆಕ್ಕ ಹಾಕೋಣ, ಇದು ತಲೇಲಿ ಕೂತ್ರೆ ಮಿಕ್ಕಿದ್ದೆಲ್ಲ ಸಲೀಸು. ಟೈ ರಾಡ್ 300 ಎಂಎಂ ಉದ್ದ ಅಂತ ಇಟ್ಕೊಳ್ರಿ, ಮೊದ್ಲು ಅಡ್ಡಕ್ಕೆ ಮಟ್ಟಸವಾಗಿ ಇದೆ. ಹೊರಗಿನ ತುದಿ 20 ಎಂಎಂ ಮೇಲೆ ಹೋದ್ರೆ ಅದು ಒಳಗಡೆ ಸರಿಯೋದು ಬರೀ 0.7 ಎಂಎಂ. ಈಗ ಅದೇ ರಾಡನ್ನ ಮೊದ್ಲೇ 38 ಎಂಎಂ ಎತ್ತಿಟ್ಟು ಆಮೇಲೆ ಮತ್ತೆ 20 ಮೇಲೆ ತಗೊಂಡು ಹೋಗಿ, ಈ ಸಲ ಒಳಗೆ ಸರಿಯೋದು 3.2 ಎಂಎಂ! ಗುಂಡಿ ಅದೇ, ರಾಡೂ ಅದೇ, ಎಳೆತ ಮಾತ್ರ ನಾಲ್ಕೈದು ಪಟ್ಟು. ವಿಶ್‌ಬೋನ್‌ಗಳೂ ಜೊತೆಗೆ ಒಳಗಡೆ ಸರೀತವೆ, ಹಂಗಾಗಿ ಅಷ್ಟೂ ಟೋ ಆಗಲ್ಲ, ಎರಡರ ನಡುವಿನ ವ್ಯತ್ಯಾಸ ಮಾತ್ರ ಟೋ ಆಗೋದು, ಆದ್ರೆ ಆರ್ಮ್ 110 ಎಂಎಂ ಇದ್ರೆ ಅರ್ಧ ಎಂಎಂ ವ್ಯತ್ಯಾಸ ಅಂದ್ರೂ ಕಾಲು ಡಿಗ್ರಿ ಆಗ್ಹೋಯ್ತು, 13 ಇಂಚಿನ ರಿಮ್ ಮೇಲೆ ಅದು ಒಂದೂವರೆ ಎಂಎಂ ಮೇಲೆ. ಅಲೈನ್‌ಮೆಂಟ್ ಅಂಗಡೀಲಿ ನಿಂತು ಒಂದು ಎಂಎಂ ಟೋಗೆ ಜಗಳ ಆಡೋ ನಾವು ರಸ್ತೇಲಿ ಪ್ರತಿ ಗುಂಡಿಗೂ ಅದಕ್ಕಿಂತ ಜಾಸ್ತಿ ಟೋ ಬದಲಾಯಿಸ್ಕೊಂಡು ಓಡಿಸ್ತಿರ್ತೀವಿ.

ಆದ್ರೆ ನಿಮ್ದು ಬಂಪ್ ಸ್ಟೀರೇ ಹೌದಾ ಅಂತ ಮೊದ್ಲು ಖಾತ್ರಿ ಮಾಡ್ಕೊಳ್ರಿ. ಐವತ್ತು ವರ್ಷ ದಾಟಿದ ಕಾರಲ್ಲಿ ಇದೇ ಥರ ಎಳೆಯೋಕೆ ಬೇರೆ ನಾಲ್ಕು ಕಾರಣ ಕೂತಿರ್ತವೆ. ನನ್ ಮೊದಲ ಅನುಮಾನ ರ್ಯಾಕ್ ಮೌಂಟ್ ಮೇಲೆ. ಸ್ಪಿಟ್‌ಫೈರಲ್ಲಿ ರ್ಯಾಕನ್ನ ರಬ್ಬರ್ ಬ್ಲಾಕ್ ಮೇಲೆ ಕೂರ್ಸಿ ಯು ಬೋಲ್ಟ್‌ಲ್ಲಿ ಹಿಡಿದಿರ್ತಾರೆ, ಎಂಜಿನ್ ಮುಂದೆನೇ ಇರೋದ್ರಿಂದ ಆಯಿಲ್ ಸುರಿದು ಸುರಿದು ರಬ್ಬರ್ ಹಲಸಿನ ಹಣ್ಣಿನ ತೊಳೆ ಥರ ಮೆತ್ತಗಾಗಿರುತ್ತೆ. ಬಾನೆಟ್ ಎತ್ತಿ, ಈ ಕಾರಿಂದು ಪೂರ್ತಿ ಮುಂಭಾಗವೇ ಮುಂದಕ್ಕೆ ಬಗ್ಗುತ್ತಲ್ಲ ಅದು ದೊಡ್ಡ ಪುಣ್ಯ, ಇನ್ನೊಬ್ರಿಗೆ ಸ್ಟೀರಿಂಗ್ ಆಕಡೆ ಈಕಡೆ ಅಲ್ಲಾಡ್ಸೋಕೆ ಹೇಳಿ ನೀವು ರ್ಯಾಕ್ ಹೌಸಿಂಗ್ ಮೇಲೆ ಬೆರಳಿಟ್ಟು ನೋಡ್ರಿ. ಹೌಸಿಂಗ್ ಪಕ್ಕಕ್ಕೆ ಸರೀತಿದ್ರೆ ಬೇರೇನೂ ಹುಡುಕ್ಬೇಡಿ, ಮೊದ್ಲು ಅದನ್ನ ಸರಿ ಮಾಡ್ಸಿ. ರಬ್ಬರ್ ಬದಲು ಅಲ್ಯೂಮಿನಿಯಂ ಮೌಂಟ್ ಹಾಕೋದು ಹಳೇ ಪದ್ಧತಿ, ಊರಲ್ಲಿ ಒಳ್ಳೇ ಲೇತ್ ಶಾಪಲ್ಲೇ ಮಾಡ್ಸಬಹುದು, ಸ್ಟೀರಿಂಗಿಗೆ ಸ್ವಲ್ಪ ನಡುಕ ಜಾಸ್ತಿ ಬರುತ್ತೆ ಆದ್ರೆ ರ್ಯಾಕ್ ಇದ್ದಲ್ಲೇ ಇರುತ್ತೆ. ಮುಂದೆ ಶಿಮ್ (ಅಳತೆ ಸರಿ ಮಾಡೋಕೆ ನಡುವೆ ಇಡೋ ತೆಳು ಪಟ್ಟಿ) ಹಾಕೋಕೂ ಇದೇ ಅನುಕೂಲ.

ಎರಡನೇದು ಟ್ರನಿಯನ್. ವರ್ಟಿಕಲ್ ಲಿಂಕ್, ಅಂದ್ರೆ ಚಕ್ರದ ಹಬ್ ಹೊತ್ತಿರೋ ನೆಟ್ಟಗಿನ ತುಂಡು, ಅದರ ಕೆಳಗೆ ಥ್ರೆಡ್ ಮೇಲೆ ತಿರುಗೋ ಕಂಚಿನ ತುಂಡು. ಇದಕ್ಕೆ ಹಾಕಬೇಕಾದ್ದು ಇಪಿ 90 ಗೇರ್ ಆಯಿಲ್, ಗ್ರೀಸ್ ಅಲ್ಲ. ಗ್ರೀಸ್ ಗನ್ ಹಿಡಿದು ಬಂದೋರನ್ನ ನಯವಾಗಿ ವಾಪಸ್ ಕಳ್ಸಿ. ಒಳಗೆ ಒಣಗಿ ತುಕ್ಕು ಹಿಡಿದ್ರೆ ಥ್ರೆಡ್ ಇರೋ ಜಾಗದಲ್ಲೇ ಲಿಂಕ್ ಮುರೀತದೆ, ಚಕ್ರ ಮಡಚ್ಕೊಂಡು ಕೂರುತ್ತೆ. ಮದ್ರಾಸಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಇದೇ ಕುಟುಂಬದ್ದು, ಸ್ಪಿಟ್‌ಫೈರ್ ಚಾಸಿಯೇ ಹೆರಾಲ್ಡ್ ಚಾಸಿಯನ್ನ ಗಿಡ್ಡ ಮಾಡಿದ್ದು, ಹಂಗಾಗಿ ಹಳೇ ಹೆರಾಲ್ಡ್ ಮೇಲೆ ಕೈ ಆಡ್ಸಿದ ಮೇಸ್ತ್ರಿ ಯಾರಾದ್ರೂ ಸಿಕ್ರೆ ಬಿಡ್ಬೇಡಿ, ಅವರಿಗೆ ಇದು ಗೊತ್ತಿರುತ್ತೆ.

ಮೂರನೇದು ಬಂಪ್ ಸ್ಟಾಪ್, ಚಕ್ರ ಮೇಲೆ ಬಂದು ಕೊನೆಗೆ ತಾಗೋ ರಬ್ಬರ್. ಒಂದೂವರೆ ಇಂಚು ಇಳಿಸಿದ ಮೇಲೆ ಮೇಲಕ್ಕೆ ಎಷ್ಟು ಆಟ ಉಳಿದಿದೆ ನೋಡಿದೀರಾ? ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ರಾಡಿಗೆ ಒಂದು ಸಣ್ಣ ಕೇಬಲ್ ಟೈ ಕಟ್ಟಿ ಒಂದು ರೌಂಡ್ ಹೋಗಿ ಬನ್ನಿ, ಅದು ಎಲ್ಲಿಗೆ ಸರ್ಕೊಂಡಿದೆ ನೋಡ್ರಿ. ಪೂರ್ತಿ ಕೊನೆಗೆ ಹೋಗಿ ಕೂತಿದ್ರೆ ನಿಮ್ ಚಕ್ರ ಸ್ಟಾಪಿಗೆ ಗುದ್ದಿ ಕಾರನ್ನೇ ಎತ್ತಿ ಹಾಕ್ತಿದೆ, ಅದಕ್ಕೆ ಯಾವ ಶಿಮ್ಮೂ ಮದ್ದಲ್ಲ. ಮತ್ತೆ ಅಗಲ ಟೈರ್ ಹಾಕ್ಸಿದ್ರೆ ಲಾರಿಗಳು ತುಳಿದು ಮಾಡಿದ ಗಾಲಿ ಹಳ್ಳದಲ್ಲಿ ಕಾರು ಎಳ್ಕೊಂಡು ಹೋಗೋದು ಇನ್ನೊಂದು ಕಥೆ, ಅದು ಉದ್ದಕ್ಕೂ ಎಳೆಯುತ್ತೆ. ಬಂಪ್ ಸ್ಟೀರ್ ಹಂಗಲ್ಲ, ಗುಂಡಿಗೆ ಒಂದು ಎಳೆತ, ದಾಟಿದ ಮೇಲೆ ಸರಿ.

ಇದೆಲ್ಲ ಸರಿ ಇದ್ದೂ ಎಳೆತ ಇದ್ರೆ ಈಗ ಅಳೆಯೋ ಕೆಲಸ. ಒಂದು ಭಾನುವಾರ ಬೇಕು. ಊರಲ್ಲಿ ಯುಬಿಡಿಟಿ, ಬಿಐಇಟಿ ಥರದ ಎಂಜಿನಿಯರಿಂಗ್ ಕಾಲೇಜುಗಳಿವೆ, ಮೆಕ್ಯಾನಿಕಲ್ ಓದೋ ಹುಡುಗರು ಪರಿಚಯ ಇದ್ರೆ ಕರೀರಿ, ಖುಷಿಯಿಂದ ಬರ್ತಾರೆ, ಡಯಲ್ ಗೇಜ್ (ಸಣ್ಣ ಸರಿದಾಟ ಅಳೆಯೋ ಮುಳ್ಳಿನ ಮೀಟರ್) ಹಿಡಿಯೋದೂ ಅವರಿಗೆ ಗೊತ್ತಿರುತ್ತೆ.

ಮಟ್ಟಸ ನೆಲದ ಮೇಲೆ ನಿಲ್ಸಿ, ಟೈರ್ ಗಾಳಿ ಸರಿ ಮಾಡಿ, ಡ್ರೈವರ್ ಸೀಟಲ್ಲಿ ನಿಮ್ ತೂಕದಷ್ಟು ಮೆಕ್ಕೆಜೋಳದ ಚೀಲ ಇಡಿ, ದಾವಣಗೆರೇಲಿ ಅದಕ್ಕೇನು ಬರ. ಕಾರನ್ನ ಒಂದೆರಡು ಸಲ ಮುಂದೆ ಹಿಂದೆ ತಳ್ಳಿ ಸಸ್ಪೆನ್ಷನ್ ಕೂತ ಮೇಲೆ ಹಬ್ ಸೆಂಟರಿಂದ ನೇರ ಮೇಲೆ ಚಾಸಿಯ ಒಂದು ಗುರುತಿನ ತನಕ ಎಷ್ಟಿದೆ ಅಂತ ಬರ್ಕೊಳ್ರಿ. ಬಾಡಿ ಮೇಲೆ ಗುರುತು ಮಾಡ್ಬೇಡಿ, ಬಾನೆಟ್ ತೆಗೀಬೇಕಾಗುತ್ತೆ. ಇದೇ ನಿಮ್ ಸೊನ್ನೆ. ಇದಕ್ಕೆ ಮೊದ್ಲೇ ಕ್ಯಾಂಬರ್ (ಚಕ್ರ ಒಳಗೆ ಹೊರಗೆ ವಾಲಿರೋದು), ಕ್ಯಾಸ್ಟರ್ (ಚಕ್ರ ತಿರುಗೋ ಅಕ್ಷ ಹಿಂದೆ ಮುಂದೆ ವಾಲಿರೋದು) ಎರಡೂ ನಿಮಗೆ ಬೇಕಾದ ಅಳತೆಗೆ ತಂದಿರ್ಬೇಕು, ಈ ಕಾರಲ್ಲಿ ಅದು ಕೆಳಗಿನ ವಿಶ್‌ಬೋನ್ ಬ್ರ್ಯಾಕೆಟ್ ಹಿಂದಿನ ಶಿಮ್‌ನಲ್ಲಿ ಆಗುತ್ತೆ. ಕ್ಯಾಸ್ಟರ್ ಆಮೇಲೆ ಬದಲಾಯಿಸಿದ್ರೆ ಸ್ಟೀರಿಂಗ್ ಆರ್ಮ್ ತುದಿ ಮೇಲೆ ಕೆಳಗೆ ಆಗುತ್ತೆ, ಅಳೆದಿದ್ದೆಲ್ಲ ನೀರಲ್ಲಿ ಹೋಮ.

ಆಮೇಲೆ ಚಾಸಿ ಕೆಳಗೆ ಸ್ಟ್ಯಾಂಡ್ ಕೊಟ್ಟು ಚಕ್ರ ಬಿಚ್ಚಿ, ಸ್ಪ್ರಿಂಗ್ ಡ್ಯಾಂಪರ್ ಯೂನಿಟ್ ಇಡಿಯಾಗಿ ಹೊರಗೆ ತೆಗೀರಿ. ಮೇಲೆ ಮೂರು ನಟ್, ಕೆಳಗೆ ಒಂದು ಬೋಲ್ಟ್. ನಟ್ಟನಡುವಿನ ಡ್ಯಾಂಪರ್ ನಟ್ ಮಾತ್ರ ಮುಟ್ಟಬೇಡಿ, ಅದೇ ಸ್ಪ್ರಿಂಗನ್ನ ಹಿಡ್ಕೊಂಡಿರೋದು, ಬಿಚ್ಚಿದ್ರೆ ಸ್ಪ್ರಿಂಗ್ ಗುಂಡಿನ ಥರ ಹಾರುತ್ತೆ. ಆಂಟಿ ರೋಲ್ ಬಾರ್ ಲಿಂಕ್ ಬಿಚ್ಚಿ. ಡ್ಯಾಂಪರ್ ಇಲ್ಲದೇ ಇದ್ರೆ ಹಬ್ ಜೋತು ಬೀಳುತ್ತೆ, ಬ್ರೇಕ್ ಹೋಸ್ ಮೇಲೆ ಭಾರ ಬೀಳದಂಗೆ ಕೆಳಗೆ ಜ್ಯಾಕ್ ಕೊಟ್ಟಿರ್ರಿ. ರ್ಯಾಕನ್ನ ಲಾಕ್‌ನಿಂದ ಲಾಕಿಗೆ ಎಣಿಸಿ ಸರಿಯಾಗಿ ನಡುವಿಗೆ ತಂದು ಅಲ್ಲಾಡದಂಗೆ ಕಟ್ಟಿ.

ಹಬ್‌ನ ನಾಲ್ಕು ಸ್ಟಡ್ಡಿಗೆ ಒಂದು ನೇರವಾದ ಹಲಗೆ ಬೋಲ್ಟ್ ಮಾಡಿ, ಪ್ಲೈವುಡ್ ಅಂಗಡೀಲಿ ಸಿಗೋ ಲ್ಯಾಮಿನೇಟ್ ಹಾಕಿದ ದಪ್ಪ ಬೋರ್ಡ್ ಸಾಕು. ಅದರ ಮುಖಕ್ಕೆ ಎರಡು ಡಯಲ್ ಗೇಜ್, ಹಬ್ ಸೆಂಟರಿಗೆ ಒಂದು ಮುಂದೆ ಒಂದು ಹಿಂದೆ, ನಡುವೆ 300 ಎಂಎಂ ಬರಂಗೆ, ಅಲ್ಲಾಡದ ಸ್ಟ್ಯಾಂಡ್ ಮೇಲೆ ಕೂರ್ಸಿ. ಜ್ಯಾಕಲ್ಲಿ ಹಬ್ಬನ್ನ ಸೊನ್ನೆಗೆ ತಂದು ಎರಡೂ ಗೇಜ್ ಸೊನ್ನೆ ಮಾಡಿ, ಅಲ್ಲಿಂದ 10 ಎಂಎಂ ಒಂದೊಂದೇ ಮೆಟ್ಟಿಲು ಮೇಲೆ 40ರ ತನಕ, ಕೆಳಗೆ 40ರ ತನಕ. ಚಕ್ರ ಒಟ್ಟಾರೆ ಒಳಗೆ ಹೊರಗೆ ಸರಿದ್ರೆ ಎರಡೂ ಗೇಜ್ ಒಟ್ಟಿಗೆ ಓಡ್ತವೆ, ಅದು ಲೆಕ್ಕಕ್ಕಿಲ್ಲ. ಎರಡರ ವ್ಯತ್ಯಾಸ ಮಾತ್ರ ಟೋ. ಗೇಜ್ ಇಲ್ವಾ, ಹಲಗೆಗೆ ಎರಡು ಲೇಸರ್ ಪೆನ್ ಬಿಗಿದು ಒಂದನ್ನ ಮುಂದಕ್ಕೆ ಒಂದನ್ನ ಹಿಂದಕ್ಕೆ ಬಿಡಿ, ಒಂದೂವರೆ ಮೀಟರ್ ದೂರದಲ್ಲಿ ಎರಡು ಕಡೆ ರಟ್ಟು ನಿಲ್ಸಿ ಚುಕ್ಕಿ ಹಾಕಿ. ಕಾಲು ಡಿಗ್ರಿ ತಿರುಗಿದ್ರೆ ಎರಡು ಚುಕ್ಕಿಗಳ ಓಟದ ವ್ಯತ್ಯಾಸ 13 ಎಂಎಂ ಬರುತ್ತೆ, ಬರಿಗಣ್ಣಿಗೇ ಕಾಣುತ್ತೆ. ಬೆಳಕು ಬಾಡಿಗೆ ತಾಗದಂಗೆ ಹಲಗೆ ಸ್ವಲ್ಪ ಹೊರಗಡೆ ಇರ್ಲಿ ಅಷ್ಟೇ. ಎರಡೂ ಕಡೆ ಚಕ್ರಕ್ಕೆ ಮಾಡ್ಬೇಕು, ಒಂದೇ ಕಡೆ ಮಾಡಿ ಇನ್ನೊಂದೂ ಹಂಗೇ ಇರುತ್ತೆ ಅಂತ ಬಿಡ್ಬೇಡಿ. ಐವತ್ತು ವರ್ಷದಲ್ಲಿ ಎಲ್ಲೋ ಒಂದು ಕಡೆ ಮೂತಿ ಗುದ್ದಿರೋ ಕಾರುಗಳೇ ಜಾಸ್ತಿ, ಎಡಕ್ಕೂ ಬಲಕ್ಕೂ ತಾಳೆ ಆಗದೇ ಇದ್ರೆ ರ್ಯಾಕ್ ಓರೆ ಕೂತಿದೆ ಅಥವಾ ಚಾಸಿ ಬಾಗಿದೆ ಅಂತ ಅರ್ಥ.

ಈಗ ಗ್ರಾಫ್ ಶೀಟಲ್ಲಿ ಹಾಕಿ ಅದರ ಆಕಾರ ನೋಡ್ರಿ, ಎಲ್ಲಾ ಗುಟ್ಟು ಅಲ್ಲಿದೆ.

ಗೆರೆ ಓರೆಯಾಗಿ ನೇರ ಹೋಗಿದ್ರೆ, ಅಂದ್ರೆ ಮೇಲೆ ಹೋದಾಗ ಟೋ ಇನ್, ಕೆಳಗೆ ಬಂದಾಗ ಟೋ ಔಟ್, ಇಲ್ಲಾ ಅದರ ಉಲ್ಟಾ, ತಪ್ಪು ಇರೋದು ಎತ್ತರದಲ್ಲಿ. ನಿಮ್ ಕಾರಲ್ಲಿ ರ್ಯಾಕ್ ಚಕ್ರದ ಸೆಂಟರಿಗಿಂತ ಮುಂದೆ ಇದೆ, ಹಂಗಾಗಿ ಚಕ್ರ ಮೇಲೆ ಹೋದಾಗ ಟೋ ಇನ್ ಆಗ್ತಿದ್ರೆ ಟೈ ರಾಡಿನ ಹೊರ ತುದಿ ಬೇಕಾದ್ದಕ್ಕಿಂತ ಮೇಲಿದೆ, ರ್ಯಾಕ್ ಎತ್ತಬೇಕು ಅಥವಾ ಹೊರ ತುದಿ ಇಳಿಸಬೇಕು. ಟೋ ಔಟ್ ಆಗ್ತಿದ್ರೆ ಇದರ ಉಲ್ಟಾ. ರ್ಯಾಕ್ ಹಿಂದೆ ಇರೋ ಕಾರುಗಳಲ್ಲಿ ಎಲ್ಲಾ ತಿರುಗಾಮುರುಗಾ, ಅದಕ್ಕೇ ಬೇರೆ ಕಾರಿನವರ ಸಲಹೆ ಕೇಳಿ ಶಿಮ್ ಹಾಕ್ಬಾರ್ದು ಅನ್ನೋದು.

ಗೆರೆ ಬಿಲ್ಲಿನ ಥರ ಬಾಗಿದ್ರೆ, ಮೇಲೆ ಹೋದ್ರೂ ಟೋ ಇನ್, ಕೆಳಗೆ ಬಂದ್ರೂ ಟೋ ಇನ್ ಅನ್ನೋ ಹಂಗೆ, ಅದು ಉದ್ದದ ತಪ್ಪು. ನಿಮ್ ಕಾರಿಗೆ ಎರಡೂ ಕಡೆ ಟೋ ಇನ್ ಅಂದ್ರೆ ಟೈ ರಾಡ್ ಗಿಡ್ಡ, ಎರಡೂ ಕಡೆ ಔಟ್ ಅಂದ್ರೆ ಉದ್ದ. ಇಲ್ಲಿ ರಾಡ್ ತುದಿಯ ಥ್ರೆಡ್ ತಿರುಗ್ಸಿ ಉದ್ದ ಮಾಡೋದಲ್ಲ ಮತ್ತೆ, ಅದು ಬರೀ ಟೋ ಬದಲಾಯಿಸುತ್ತೆ. ರ್ಯಾಕ್‌ನ ಎರಡು ಒಳ ಜಾಯಿಂಟ್‌ಗಳ ನಡುವಿನ ಅಗಲವೇ ಬದಲಾಗ್ಬೇಕು, ಅಂದ್ರೆ ಬೇರೆ ರ್ಯಾಕ್, ದೊಡ್ಡ ರಾಮಾಯಣ. ರಸ್ತೆ ಕಾರಿಗೆ ನಾನು ಅದನ್ನ ಹೇಳಲ್ಲ.

ನಿಮ್ಮಂಥ ಇಳಿಸಿದ ಕಾರಲ್ಲಿ ಸಾಮಾನ್ಯವಾಗಿ ಸಿಗೋದು ಎರಡೂ ಬೆರೆತಿದ್ದು: ಬಿಲ್ಲು ಇದೆ, ಆದ್ರೆ ಅದರ ನೆತ್ತಿ ಹಳೇ ಎತ್ತರದಲ್ಲೇ ಉಳ್ಕೊಂಡಿದೆ, ನೀವು ಅದರ ಇಳಿಜಾರಲ್ಲಿ ನಿಂತಿದೀರಿ. ಶಿಮ್ ಮಾಡೋದು ಇಷ್ಟೇ, ಆ ನೆತ್ತಿಯನ್ನ ಈಗಿನ ಎತ್ತರಕ್ಕೆ ತಂದು ನಿಲ್ಸುತ್ತೆ. ಬಿಲ್ಲಿನ ಬಾಗು ಹಂಗೇ ಇರುತ್ತೆ, ಇರ್ಲಿ ಬಿಡಿ, ನೆತ್ತಿಯ ಎರಡು ಪಕ್ಕ 25 ಎಂಎಂ ಒಳಗೆ ಅದು ತೊಂದರೆ ಕೊಡಲ್ಲ.

ಎಷ್ಟು ದಪ್ಪ ಶಿಮ್ ಅನ್ನೋದಕ್ಕೆ ಮೇಲಿನ ಲೆಕ್ಕವನ್ನೇ ತಿರುಗಿಸಿ ಹಾಕಿ. 25 ಎಂಎಂ ಎತ್ತಿದಾಗ ಎರಡು ಗೇಜಿನ ವ್ಯತ್ಯಾಸ 1.36 ಎಂಎಂ ಬಂತು ಅಂತಿಟ್ಕೊಳ್ರಿ. ಅದನ್ನ 300ರಿಂದ ಭಾಗಿಸಿ ಆರ್ಮ್ ಉದ್ದ 110ರಿಂದ ಗುಣಿಸಿದ್ರೆ ಅರ್ಧ ಎಂಎಂ, ಅದನ್ನ 25ರಿಂದ ಭಾಗಿಸಿ ರಾಡ್ ಉದ್ದ 300ರಿಂದ ಗುಣಿಸಿದ್ರೆ 6 ಎಂಎಂ. ರ್ಯಾಕ್ ಅಷ್ಟು ಎತ್ತರಿಸಬೇಕು. ಆರ್ಮ್, ರಾಡ್ ಉದ್ದ ನಿಮ್ ಕಾರಲ್ಲಿ ಅಳೆದು ಹಾಕ್ಕೊಳ್ರಿ, ನನ್ ಅಂಕಿ ಬರೀ ಉದಾಹರಣೆಗೆ. ಒಂದೇ ಸಲಕ್ಕೆ 6 ಹಾಕದೇ 3 ಹಾಕಿ ಮತ್ತೆ ಅಳೆದು ನೋಡ್ರಿ, ಗೆರೆ ಅರ್ಧಕ್ಕೆ ಬಂದ್ರೆ ಲೆಕ್ಕ ಸರಿ ಇದೆ ಅಂತ ಗೊತ್ತಾಗುತ್ತೆ.

ನನ್ ಆಯ್ಕೆ ಯಾವಾಗ್ಲೂ ರ್ಯಾಕ್ ಕಡೆಯಿಂದ ಸರಿ ಮಾಡೋದು. ಅಲ್ಯೂಮಿನಿಯಂ ಮೌಂಟ್ ಕೆಳಗೆ ಅಲ್ಯೂಮಿನಿಯಂ ಪಟ್ಟಿ, ಯು ಬೋಲ್ಟ್ ಉದ್ದ ಸಾಕಾಗುತ್ತಾ ನೋಡಿ, ನಟ್ ಹಿಡಿದ ಮೇಲೆ ಥ್ರೆಡ್ ಎರಡು ಸುತ್ತು ಹೊರಗೆ ಕಾಣ್ಬೇಕು. ಎತ್ತಿದಾಗ ಕ್ರ್ಯಾಂಕ್ ಪುಲ್ಲಿಗೆ, ಫ್ಯಾನ್ ಬೆಲ್ಟಿಗೆ ತಾಗಲ್ಲ ತಾನೇ ಅಂತ ಎಂಜಿನ್ ಅಲ್ಲಾಡಿಸಿ ನೋಡಿ, ಸ್ಟೀರಿಂಗ್ ಕಾಲಮ್ ಜಾಯಿಂಟ್ ಎರಡೂ ಲಾಕಿಗೆ ಬಿಗಿಯಾಗದೇ ತಿರುಗ್ಬೇಕು. ಇಳಿಸಬೇಕಾದ ಪರಿಸ್ಥಿತಿ ಬಂದ್ರೆ, ಇಲ್ಲಾ ಮೇಲೆ ಜಾಗ ಸಾಲದೇ ಹೋದ್ರೆ, ಆಗ ಮಾತ್ರ ಹೊರ ತುದಿಗೆ ಕೈ ಹಾಕಿ. ಕಿಟ್ ಅನ್ನೋದು ಅದೇ: ಆರ್ಮ್‌ನ ಟೇಪರ್ ತೂತನ್ನ ನೇರ ಮಾಡಿ, ಬೋಲ್ಟ್ ಹಾಕಿ, ರಾಡ್ ಎಂಡ್ (ಒಳಗೆ ಗುಂಡು ತಿರುಗೋ ಜಾಯಿಂಟ್) ಮತ್ತೆ ಸ್ಪೇಸರ್. ರೇಸಿಗೆ ಚೆನ್ನಾಗಿದೆ. ನಮ್ಮ ಧೂಳಿಗೆ ರಾಡ್ ಎಂಡ್ ಬೇಗ ಸಡಿಲ ಆಗ್ತವೆ, ಸ್ಪೇಸರ್ ಉದ್ದ ಆದಷ್ಟೂ ಬೋಲ್ಟ್ ಮೇಲೆ ಬಾಗೋ ಬಲ ಜಾಸ್ತಿ. ಹಾಕಿದ್ರೆ ಧೂಳಿನ ರಬ್ಬರ್ ಬೂಟ್ ಇರ್ಬೇಕು, ಜಾಯಿಂಟ್ ಕಳಚಿದ್ರೂ ರಾಡ್ ಬಿದ್ದು ಹೋಗದಂಗೆ ಅಗಲದ ಸೇಫ್ಟಿ ವಾಷರ್ ಇರ್ಬೇಕು, ಹಳೇ ಆರ್ಮ್ ಕೊರೆಯದೇ ಎತ್ತಿಟ್ಟು ಬೇರೆ ಜೊತೆ ಕೊರೀಬೇಕು.

ಇನ್ನೊಂದು ಕಾರಣಕ್ಕೂ ನಾನು ಶಿಮ್ ಪಾರ್ಟಿ. ನಿಮ್ ಕಾರು 50 ವರ್ಷ ದಾಟಿದೆ, 2021ರ ಕೇಂದ್ರ ನಿಯಮದ ಪ್ರಕಾರ ವಿಂಟೇಜ್ ಅಂತ ರಿಜಿಸ್ಟರ್ ಮಾಡ್ಸೋ ಯೋಚನೆ ಇದ್ರೆ ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಮಾರ್ಪಾಡು ಆಗಿರಬಾರದು. ಚಾಸಿ ಕತ್ತರಿಸಿ ವೆಲ್ಡ್ ಮಾಡಿ ರ್ಯಾಕ್ ಎತ್ತೋ ಬುದ್ಧಿವಂತಿಕೆ ಯಾರಾದ್ರೂ ಹೇಳಿದ್ರೆ ಇದನ್ನ ನೆನಪಿಟ್ಕೊಳ್ರಿ. ಶಿಮ್ಮನ್ನ ನಾಳೆ ಬಿಚ್ಚಿ ಇಟ್ರೆ ಕಾರು ಮೊದ್ಲಿನಂಗೆ.

ಸೊನ್ನೆ ಬಂಪ್ ಸ್ಟೀರ್ ತರ್ತೀನಿ ಅಂತ ಹಟ ಹಿಡೀಬೇಡಿ. ಮೇಲೆ ಕೆಳಗೆ 25 ಎಂಎಂ ಒಳಗೆ ಗೇಜ್ ವ್ಯತ್ಯಾಸ ಅರ್ಧ ಎಂಎಂ ದಾಟದಿದ್ರೆ ಬಿಟ್ಬಿಡಿ, ಅದು ಡಿಗ್ರಿಯ ಹತ್ತನೇ ಒಂದು ಭಾಗ. ಉಳಿದಿದ್ದು ಚಕ್ರ ಮೇಲೆ ಹೋದಾಗ ಸ್ವಲ್ಪ ಟೋ ಔಟ್ ಕಡೆ ಇರ್ಲಿ. ಯಾಕಂದ್ರೆ ತಿರುವಲ್ಲಿ ಕಾರು ವಾಲಿದಾಗ ಹೊರಗಿನ ಚಕ್ರ ಮೇಲೆ ಒತ್ತುತ್ತೆ, ಆಗ ಅದು ಟೋ ಇನ್ ಆದ್ರೆ ನೀವು ಕೇಳದೇ ಇದ್ರೂ ಇನ್ನಷ್ಟು ತಿರುಗಿಸಿ ಹಾಕುತ್ತೆ, ಹಿಂಭಾಗ ಸ್ವಿಂಗ್ ಆಕ್ಸಲ್ (ಒಳ ತುದಿಯಲ್ಲಿ ಮಾತ್ರ ಮಡಚೋ ಆಕ್ಸಲ್) ಇರೋ ಕಾರಿಗೆ ಅದು ಒಳ್ಳೇ ಜೊತೆಯಲ್ಲ. ಟೋ ಔಟ್ ಆದ್ರೆ ಸ್ವಲ್ಪ ಮಂದ ಆಗುತ್ತೆ, ಸಮಾಧಾನವಾಗಿ ಹಿಡೀಬಹುದು.

ಇನ್ನು ಕೇಳದ ಸಲಹೆ ಒಂದು. ಒಂದೂವರೆ ಇಂಚು ಜಾಸ್ತಿ ಆಯ್ತು ಮಾರಾಯ್ರೆ. ಆನಗೋಡು, ಭರಮಸಾಗರದ ಹತ್ರ ಹೈವೇ ಬಿಟ್ಟು ಸರ್ವಿಸ್ ರೋಡಿಗೆ ಇಳಿದ್ರೆ ಹಂಪ್ ಸವಾರಿ ಹೆಂಗಿರುತ್ತೆ ಅಂತ ನಿಮಗೇ ಗೊತ್ತು. ಅದೂ ಅಲ್ದೇ ವಿಶ್‌ಬೋನ್ ಮಟ್ಟ ದಾಟಿ ಮೇಲೆ ಮುಖ ಮಾಡಿದ್ರೆ ರೋಲ್ ಸೆಂಟರ್, ಅಂದ್ರೆ ತಿರುವಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತೋ ಅದು, ಕಾರಿನ ಭಾರದ ಕೇಂದ್ರಕ್ಕಿಂತ ಬೇಗ ಕೆಳಗೆ ಇಳಿಯುತ್ತೆ, ಇಳಿಸಿದ ಕಾರು ವಾಲೋದು ಕಮ್ಮಿ ಆಗೋ ಬದಲು ಜಾಸ್ತಿ ಆಗಬಹುದು. ಎತ್ತರ ಹೊಂದಿಸೋ ಡ್ಯಾಂಪರ್ ಹಾಕಿ 20 ಎಂಎಂ ಇಳಿಕೆಗೆ ವಾಪಸ್ ಬಂದ್ರೆ ಅರ್ಧ ಬಂಪ್ ಸ್ಟೀರ್ ಅಲ್ಲೇ ಹೋಗುತ್ತೆ, ಶಿಮ್ ಬೇಕಾದ್ರೂ 2, 3 ಎಂಎಂನಲ್ಲಿ ಮುಗಿಯುತ್ತೆ. ಕಿಟ್ಟಿಗೆ ಕೊಡೋ ದುಡ್ಡು ಅಲ್ಲಿಗೆ ಹಾಕಿ. ಎತ್ತರ ಮೊದ್ಲು ತೀರ್ಮಾನ ಮಾಡಿ, ಆಮೇಲೆ ಅಳೀರಿ, ಉಲ್ಟಾ ಮಾಡಿದ್ರೆ ಎರಡು ಸಲ ಕೆಲಸ.

ಪ್ರತಿ ಸಲ ಶಿಮ್ ಬದಲಾಯಿಸಿದಾಗ್ಲೂ ನಿಂತ ಟೋ ಕೆಡುತ್ತೆ, ಕೊನೇಲಿ ಅಲೈನ್‌ಮೆಂಟ್ ಮತ್ತೆ ಮಾಡ್ಸಿ, ಟೈ ರಾಡ್ ಲಾಕ್ ನಟ್ ಬಿಗಿ ಮಾಡೋದು ಮರೀಬೇಡಿ. ರಸ್ತೇಲಿ ನೋಡೋವಾಗ ಮೊದ್ಲು 40ರಲ್ಲಿ, ಬ್ರೇಕ್ ಒತ್ತದೇ, ಒಂದೇ ಕಡೆ ಚಕ್ರ ತಗ್ಗಿಗೆ ಇಳಿಸಿ. ಎರಡು ಚಕ್ರ ಒಟ್ಟಿಗೆ ಹಂಪ್ ಹತ್ತಿಸಿದ್ರೆ ಎಡ ಬಲ ಸಮ ಸಮ ಆಗಿ ಎಳೆತ ಕಾಣಲ್ಲ, ಸರಿ ಆಗಿದೆ ಅಂತ ಮೋಸ ಹೋಗ್ತೀರಿ. ಇಷ್ಟಾದ ಮೇಲೂ ಕಾರು ಜಿಗೀತಿದ್ರೆ, ಅದೂ ಮುಂದಿನ ಚಕ್ರ ಗುಂಡಿ ದಾಟಿದ ಮೇಲೆ ಒಂದು ಕ್ಷಣ ತಡವಾಗಿ, ಸ್ಟೀರಿಂಗ್ ಕೈಲಿ ಏನೂ ಗೊತ್ತಾಗದೇ ಬರೀ ಸೊಂಟಕ್ಕೆ ಗೊತ್ತಾಗೋ ಹಂಗೆ ಇದ್ರೆ, ಹಿಂದೆ ಹೋಗಿ ರೇಡಿಯಸ್ ಆರ್ಮ್ ಬುಷ್ ಮತ್ತೆ ಅದರ ಬ್ರ್ಯಾಕೆಟ್ ಶಿಮ್ ನೋಡ್ರಿ. ಹಿಂದಿನ ಚಕ್ರದ ಟೋ ಹಿಡಿದಿರೋದು ಅದೇ, ಬುಷ್ ಸವೆದಿದ್ರೆ ಹಿಂದಿನ ಚಕ್ರವೂ ಸ್ಟೀರ್ ಮಾಡುತ್ತೆ.